ಅರಸರ ಕಾಗದ, ವರ್ತಕರ ಕಡತ

ಬಳೇಪೇಟೆಯಲ್ಲಿ ಈಗ ಬಳೆಗಿಂತ ಬೇರೆ ಸರಕೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ವೀಣೆ, ತಂಬೂರಿಗಳನ್ನು ಗೋಡೆಗೆ ಒರಗಿಸಿಟ್ಟ ಅಂಗಡಿಗಳು, ರೇಷ್ಮೆ ಸೀರೆಯ ಸಗಟು ಮಳಿಗೆಗಳು, ಊದುಬತ್ತಿಯ ಕಟ್ಟುಗಳು, ಇವುಗಳ ನಡುವೆ ಮೂಟೆ ಹೊತ್ತು ನುಗ್ಗುವ ಹಮಾಲರು. ಇಲ್ಲಿನ ವ್ಯಾಪಾರಿಗಳ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ ಇನ್ನೊಂದು ಸಂಗತಿ ಗಮನಕ್ಕೆ ಬರುತ್ತದೆ. ಅಚ್ಚ ಕನ್ನಡದ ಶೆಟ್ಟರೂ ಜಮಾ, ಖರ್ಚು, ಬಾಕಿ, ವಸೂಲಿ, ದಲ್ಲಾಳಿ, ರೋಕಡ ಎನ್ನುತ್ತಾರೆ. ಉರ್ದು ಮಾತಾಡುವ ಸಾಹೇಬರೂ ಅವನ್ನೇ ಹೇಳುತ್ತಾರೆ. ನಮ್ಮಂತೆ ಉರ್ದು ಮತ್ತು ಕನ್ನಡ ಎರಡೂ ಶಾಲೆಗಳ ಬೆಂಚು ಸವೆಸಿದವರಿಗೆ ಈ ಪದಗಳಲ್ಲಿ ಯಾವುದು ಯಾರದು ಎಂದು ವಿಂಗಡಿಸಲು ಹೊರಡುವುದೇ ದಂಡ ಅನಿಸುತ್ತದೆ. ಇವು ಪೇಟೆಯ ಪದಗಳು, ಅಷ್ಟೆ.

ಈ ಪದಗಳನ್ನು ನಾವು ಇನ್ನೊಂದು ಕಡೆಯೂ ಕಂಡಿದ್ದೇವೆ. ಅದು ಟಿಪ್ಪು ಸುಲ್ತಾನನ ಕಾಗದಗಳಲ್ಲಿ. ಕೋಠಿ, ದರೋಗಾ, ದಲ್ಲಾಲ್ ಎಂಬ ಪದಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ನಡೆದಿರುವ ಜಗಳ ಎಲ್ಲರಿಗೂ ಗೊತ್ತು. 2015ರಲ್ಲಿ ಸರ್ಕಾರ ಆತನ ಜಯಂತಿಯನ್ನು ಆಚರಿಸಲು ಶುರುಮಾಡಿತು, 2019ರಲ್ಲಿ ಮತ್ತೊಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ವರ್ಷಗಳಲ್ಲಿ ಆತನನ್ನು ಹೊಗಳಿದವರೂ ತೆಗಳಿದವರೂ ಆತನ ಕತ್ತಿಯ ಬಗ್ಗೆಯೇ ಮಾತಾಡಿದರು. ಆತನ ಲೆಕ್ಕದ ಪುಸ್ತಕವನ್ನು ತೆರೆದವರು ಕಡಿಮೆ. ಎರಡು ರಾಜ್ಯಗಳು ಒಂದನ್ನೊಂದು ಮುಗಿಸಲು ನಿಂತಾಗ ವ್ಯಾಪಾರದ ಕಾಗದಪತ್ರಗಳು ಏನು ಹೇಳುತ್ತವೆ, ಯಾರ ಬಗ್ಗೆ ಸುಮ್ಮನಿರುತ್ತವೆ ಎಂಬುದು ನಮ್ಮನ್ನು ಬಹಳ ದಿನಗಳಿಂದ ಕಾಡಿರುವ ವಿಚಾರ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಪಾರಸಿ ಕಾಗದಪತ್ರಗಳು ಕಂಪನಿಯ ಕೈಸೇರಿದವು. ಅವುಗಳಲ್ಲಿ ಸುಲ್ತಾನ ಹೇಳಿ ಬರೆಸಿದ ಪತ್ರಗಳ ದಾಖಲೆಯೂ ಇತ್ತು. ಅದರಿಂದ ನಾನೂರಕ್ಕೂ ಮಿಕ್ಕಿ ಪತ್ರಗಳನ್ನು ಆರಿಸಿ ಇಂಗ್ಲಿಷಿಗೆ ತಂದವನು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಪುಸ್ತಕ 1811ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. (ಈತನ ಮಲತಮ್ಮನೇ ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್. ಖೈರುನ್ನೀಸಾ ಬೇಗಂಳನ್ನು ಮದುವೆಯಾಗಿ ನವಾಬರ ಉಡುಪಿನಲ್ಲಿ ಓಡಾಡಿದವನು. ಒಂದೇ ಮನೆಯ ಇಬ್ಬರು ಎಷ್ಟು ದೂರದೂರ!) ಅಣ್ಣ ಕರ್ನಲ್‌ಗೆ ಟಿಪ್ಪುವಿನ ಮೇಲೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಮುನ್ನುಡಿಯಲ್ಲಿ ಕ್ರೂರಿ, ಮತಾಂಧ ಎಂದೆಲ್ಲ ಬೈದು, ಬೈಗುಳದ ಕೊನೆಗೆ ಇನ್ನೊಂದು ಮಾತು ಸೇರಿಸಿದ್ದಾನೆ: ಈತ ಜಿಪುಣ, ಊರೂರು ತಿರುಗುವ ಬೀದಿ ವ್ಯಾಪಾರಿ, ಚಿಲ್ಲರೆ ಅಂಗಡಿಯವನು. ಇದನ್ನು ಓದಿ ನಮಗೆ ನಗು ಬಂತು. ವ್ಯಾಪಾರಕ್ಕೆಂದೇ ಹುಟ್ಟಿದ ಕಂಪನಿಯೊಂದರ ಸಂಬಳ ತಿನ್ನುವ ಅಧಿಕಾರಿಗೆ ಒಬ್ಬ ಸುಲ್ತಾನ ವ್ಯಾಪಾರ ಮಾಡಿದ್ದು ಹೀನಾಯವಾಗಿ ಕಂಡಿತು. ಕರ್ನಲ್ ಬೈಗುಳವೆಂದು ಬರೆದಿದ್ದು ಇಂದಿನ ಓದುಗನಿಗೆ ಆ ಪುಸ್ತಕದ ಅತ್ಯಂತ ಬೆಲೆಬಾಳುವ ಸುಳಿವು.

ಮಸ್ಕತ್ತಿನಲ್ಲಿ ಸುಲ್ತಾನನದೊಂದು ಕೋಠಿಯಿತ್ತು. ಅದರ ದರೋಗಾ ಮೀರ್ ಕಾಜಿಂ. ಮಾವ್ಜಿ ಸೇಠ್ ಎಂಬ ಹಿಂದೂ ವರ್ತಕ ಅಲ್ಲಿ ಆತನ ದಲ್ಲಾಳಿ. ಮಂಗಳೂರು ಕಡೆಯ ಬಂದರುಗಳಿಂದ ಅಕ್ಕಿ, ಕರಿಮೆಣಸು, ಏಲಕ್ಕಿ, ಶ್ರೀಗಂಧ ಅಲ್ಲಿಗೆ ಹೋಗುತ್ತಿದ್ದವು. ಮೀರ್ ಕಾಜಿಂನಿಗೆ ಬರೆದ ಕಾಗದಗಳಲ್ಲಿ ಯುದ್ಧದ ಆರ್ಭಟ ಇಲ್ಲ. ಸರಕು ಬಂದ ಕೂಡಲೇ ಮಾರಬೇಡ, ದರ ಏರುವ ತನಕ ಕಾಯಿ ಎನ್ನುವ ಅಪ್ಪಣೆ ಇದೆ. ಬರುವ ದೋಣಿಯಲ್ಲಿ ಗಂಧಕ ಕಳಿಸು, ಖರ್ಜೂರದ ಸಸಿ ಕಳಿಸು, ಕೇಸರಿಯ ಬೀಜ ಕಳಿಸು, ಹಡಗು ಕಟ್ಟುವ ಬಡಗಿಗಳನ್ನು ಹುಡುಕಿ ಕಳಿಸು, ಮುತ್ತು ಹೆಕ್ಕುವ ಮುಳುಗುಗಾರರನ್ನು ಕಳಿಸು ಎಂಬ ಬೇಡಿಕೆಗಳಿವೆ. ರೇಷ್ಮೆಹುಳುವಿನ ಬಗ್ಗೆಯಂತೂ ಆತನಿಗೆ ಹುಚ್ಚು. ಮಸ್ಕತ್ತಿನ ಕಡೆಯಿಂದಲೂ ತರಿಸಲು ನೋಡಿದ. 1786ರ ಸೆಪ್ಟೆಂಬರಿನ ಒಂದು ಕಾಗದ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ. ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಸಿದ್ಧವಟದ ದಾರಿಯಾಗಿ ಮರಳುತ್ತಿದ್ದಾರೆ, ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರನ್ನೇ ಕೇಳಿ ತಯಾರು ಮಾಡು ಎಂಬುದು ಅದರ ಸಾರ. ಬಳೇಪೇಟೆಯ ಸೀರೆ ಅಂಗಡಿಗಳ ಎದುರು ನಿಂತಾಗ ನಮಗೆ ಈ ಇಬ್ಬರ ನೆನಪಾಗುತ್ತದೆ. ಒಂದು ಸಾಹೇಬರ ಹೆಸರು, ಒಂದು ಕಸ್ತೂರಿ ರಂಗ. ಹುಳು ಸಾಯದ ಹಾಗೆ ಬಂಗಾಳದಿಂದ ಮೈಸೂರಿಗೆ ಹೊತ್ತು ತರಬೇಕು. ಕಥೆಗಾರನಾದವನಿಗೆ ಇದಕ್ಕಿಂತ ದೊಡ್ಡ ಕಥೆ ಬೇಕೆ?

ಆದರೆ ಇಂಗ್ಲಿಷರ ವಿಷಯಕ್ಕೆ ಬಂದಾಗ ಅಂಗಡಿಯವನ ಇನ್ನೊಂದು ಮುಖ ಕಾಣುತ್ತದೆ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಕಂಪನಿಗೆ ಕರಾವಳಿಯಲ್ಲಿ ಹೈದರಲಿ ಕಾಲದ ವ್ಯಾಪಾರದ ಸವಲತ್ತುಗಳನ್ನು ಮತ್ತೆ ಕೊಡುವ ಮಾತಾಗಿತ್ತು. ಕೆಲವೇ ವರ್ಷಗಳಲ್ಲಿ ಟಿಪ್ಪು ಮೆಣಸು, ಗಂಧ, ಏಲಕ್ಕಿ ತಲಶ್ಶೇರಿಯ ಇಂಗ್ಲಿಷ್ ಕೋಠಿಗೆ ಹೋಗದಂತೆ ತಡೆದ. ಅವನ್ನು ಸರ್ಕಾರವೇ ಕೊಳ್ಳಬೇಕು, ಸರ್ಕಾರವೇ ಮಾರಬೇಕು. ಶ್ರೀಗಂಧವನ್ನು ರಾಜಮರವೆಂದು ಸಾರಿದ್ದೂ ಆತನೇ. ಕಂಪನಿಯವರಿಗೆ ಇದರಿಂದ ಯಾಕಷ್ಟು ಉರಿಯಿತು? ಲಂಡನ್ನಿನಲ್ಲಿ ಗಂಧದ ಕೊರಡು ಯಾರಿಗೆ ಬೇಕಿತ್ತು?

ಬೇಕಾಗಿದ್ದು ಲಂಡನ್ನಿಗಲ್ಲ, ಚೀನಾಕ್ಕೆ. ಮಂಗಳೂರಿನ ಒಪ್ಪಂದವಾದ ವರ್ಷವೇ ಬ್ರಿಟಿಷ್ ಸಂಸತ್ತು ಚಹಾದ ಮೇಲಿನ ಸುಂಕವನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿತು. ಇಂಗ್ಲೆಂಡಿನ ಬಡವರೂ ಚಹಾ ಕುಡಿಯತೊಡಗಿದರು. ಆಗ ಚಹಾ ಸಿಗುತ್ತಿದ್ದುದು ಚೀನಾದಲ್ಲಿ ಮಾತ್ರ. ಚೀನಾದಲ್ಲಿ ವಿದೇಶಿಯರು ವ್ಯಾಪಾರ ಮಾಡಬಹುದಾಗಿದ್ದುದು ಕ್ಯಾಂಟನ್ ಬಂದರಿನಲ್ಲಿ ಮಾತ್ರ. ಅಲ್ಲಿ ಇಂಗ್ಲಿಷರ ಉಣ್ಣೆಬಟ್ಟೆಗೆ ಹೆಚ್ಚು ಗಿರಾಕಿಗಳಿರಲಿಲ್ಲ, ಬೆಳ್ಳಿಯನ್ನೇ ಸುರಿಯಬೇಕಿತ್ತು. ಬೆಳ್ಳಿ ಉಳಿಸಬೇಕಾದರೆ ಚೀನೀಯರಿಗೆ ಬೇಕಾದ ಸರಕು ಒಯ್ಯಬೇಕು. ಗುಜರಾತಿನ ಹತ್ತಿ, ಮಲಬಾರಿನ ಮೆಣಸು, ನಮ್ಮ ಮಲೆನಾಡಿನ ಗಂಧ ಅಂಥವು. ಚೀನಾದ ಗುಡಿಗಳಲ್ಲಿ ಧೂಪವಾಗಿ, ಶ್ರೀಮಂತರ ಕೈಯಲ್ಲಿ ಬೀಸಣಿಗೆಯಾಗಿ, ಒಡವೆ ಇಡುವ ಪೆಟ್ಟಿಗೆಯಾಗಿ ಗಂಧಕ್ಕೆ ಒಳ್ಳೆಯ ಬೆಲೆಯಿತ್ತು. ಮುಂಬಯಿಯ ಇಂಗ್ಲಿಷ್ ವರ್ತಕರು ಮಲಬಾರು ತಮ್ಮ ಕೈಗೆ ಬರಲೇಬೇಕೆಂದು ಹಟ ಹಿಡಿದುದರ ಹಿಂದೆ ಈ ಚೀನಾ ವ್ಯಾಪಾರವಿತ್ತು. ಟಿಪ್ಪುವಿನೊಂದಿಗಿನ ಯುದ್ಧಗಳಿಗೆ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ 1792ರಲ್ಲಿ ಸೋತ ಟಿಪ್ಪುವಿನಿಂದ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ಜೊತೆಗೆ ಮಲಬಾರನ್ನು ಕಸಿದುಕೊಂಡದ್ದು ಕಾಕತಾಳೀಯವೂ ಅಲ್ಲ.

ಮೈಸೂರಿನ ಕಥೆಗೂ ಚೀನಾದ ಕಥೆಗೂ ಮನುಷ್ಯರ ನಂಟೂ ಇದೆ. ಮಂಗಳೂರು ಒಪ್ಪಂದ ಮಾಡಿಸಿದ ಮದರಾಸಿನ ಗವರ್ನರ್ ಲಾರ್ಡ್ ಮೆಕಾರ್ಟ್ನಿ. ಆತನ ಪರವಾಗಿ ಟಿಪ್ಪುವಿನ ಮುಂದೆ ಕುಳಿತು ಮಾತಾಡಿದ ಮೂವರಲ್ಲಿ ಒಬ್ಬ ಜಾರ್ಜ್ ಸ್ಟಾಂಟನ್. ಒಂಬತ್ತು ವರ್ಷಗಳ ಬಳಿಕ, 1793ರಲ್ಲಿ, ಇದೇ ಮೆಕಾರ್ಟ್ನಿ ಇದೇ ಸ್ಟಾಂಟನ್ನನನ್ನು ಕರೆದುಕೊಂಡು ಚೀನಾದ ಚಕ್ರವರ್ತಿ ಚಿಯಾನ್‌ಲಾಂಗನ ಆಸ್ಥಾನಕ್ಕೆ ಹೋದ. ಇನ್ನಷ್ಟು ಬಂದರು ತೆರೆಯಿರಿ, ಸುಂಕ ಇಳಿಸಿ ಎಂದು ಕೇಳಿದ. ನಮ್ಮಲ್ಲಿ ಎಲ್ಲವೂ ಇದೆ, ನಿಮ್ಮ ಸರಕು ನಮಗೆ ಬೇಕಿಲ್ಲ ಎಂಬ ಅರ್ಥದ ಪತ್ರವನ್ನು ಚಕ್ರವರ್ತಿ ಇಂಗ್ಲೆಂಡಿನ ದೊರೆಗೆ ಬರೆಸಿ ಕಳಿಸಿದ. ಆ ಪಯಣದಲ್ಲಿ ಸ್ಟಾಂಟನ್ನನ ಹನ್ನೆರಡು ವರ್ಷದ ಮಗನೂ ಇದ್ದ. ದಾರಿಯಲ್ಲಿ ಚೀನೀ ಭಾಷೆ ಕಲಿತು ಚಕ್ರವರ್ತಿಯ ಮುಂದೆ ನಾಲ್ಕು ಮಾತಾಡಿ ಉಡುಗೊರೆ ಪಡೆದವನು. ಅದೇ ಹುಡುಗ ಮುಂದೆ ಸಂಸತ್ತಿನ ಸದಸ್ಯನಾಗಿ 1840ರಲ್ಲಿ ಚೀನಾದ ಮೇಲಿನ ಯುದ್ಧ ನ್ಯಾಯವಾದದ್ದೆಂದು ವಾದಿಸಿದ.

ಕ್ಯಾಂಟನ್ನಿನಲ್ಲಿ ಜಗಳದ ಬೀಜವಿದ್ದುದೇ ಕಾಗದದಲ್ಲಿ. ವಿದೇಶಿ ವರ್ತಕ ಅಲ್ಲಿನ ಅಧಿಕಾರಿಗೆ ನೇರವಾಗಿ ಪತ್ರ ಬರೆಯುವಂತಿರಲಿಲ್ಲ. ಅರ್ಜಿಯ ರೂಪದಲ್ಲಿ ಬರೆದು, ಪರವಾನಗಿ ಪಡೆದ ಹಾಂಗ್ ವರ್ತಕರ ಕೈಗೆ ಕೊಡಬೇಕು. ಅವರು ಅದನ್ನು ಮೇಲಕ್ಕೆ ಮುಟ್ಟಿಸುತ್ತಾರೆ. 1834ರಲ್ಲಿ ಕಂಪನಿಯ ಚೀನಾ ಏಕಸ್ವಾಮ್ಯ ಮುಗಿದ ಮೇಲೆ ಬಂದ ಲಾರ್ಡ್ ನೇಪಿಯರ್ ನೇರವಾಗಿ ಪತ್ರ ಕೊಡಲು ಹೋದ. ಅರ್ಜಿಯಲ್ಲವೆಂದು ಯಾರೂ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ವ್ಯಾಪಾರ ನಿಂತಿತು, ಬಂದೂಕುಗಳು ಹಾರಿದವು, ನೇಪಿಯರ್ ಜ್ವರ ಹಿಡಿದು ಅದೇ ವರ್ಷ ಮಕಾವಿನಲ್ಲಿ ಸತ್ತ. ಅಷ್ಟು ಹೊತ್ತಿಗೆ ಗಂಧ, ಹತ್ತಿಗಳ ಜಾಗಕ್ಕೆ ಅಫೀಮು ಬಂದಿತ್ತು. 1839ರ ಮಾರ್ಚಿನಲ್ಲಿ ಕಮಿಷನರ್ ಲಿನ್ ಕ್ಯಾಂಟನ್ನಿಗೆ ಬಂದು ಅಫೀಮನ್ನೆಲ್ಲ ಒಪ್ಪಿಸಬೇಕೆಂದು ಹುಕುಂ ಹೊರಡಿಸಿದ. ಒಪ್ಪಿಸಿದ್ದು 20,283 ಪೆಟ್ಟಿಗೆ. ಅದನ್ನು ಸುಣ್ಣ, ಉಪ್ಪು ಬೆರೆಸಿ ಸಮುದ್ರದ ದಡದ ಹೊಂಡಗಳಲ್ಲಿ ಕರಗಿಸಿದರು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಪೆಟ್ಟಿಗೆಗಳಲ್ಲ, ಅದಕ್ಕೂ ಮೊದಲಿನ ಒಂದು ದೃಶ್ಯ. ಇಂಗ್ಲಿಷ್ ವರ್ತಕರು ಒಪ್ಪದೇ ಹೋದಾಗ ಲಿನ್ ಹಾಂಗ್ ವರ್ತಕರ ಕೊರಳಿಗೆ ಸರಪಳಿ ಹಾಕಿಸಿ ವಿದೇಶಿಯರ ಕೋಠಿಗಳ ಎದುರು ಕಳಿಸಿದ. ಅವರಲ್ಲಿ ಹೌಕ್ವಾ ಮನೆತನದವರೂ ಇದ್ದರು. ಲೋಕದ ಅತಿದೊಡ್ಡ ಸಿರಿವಂತರಲ್ಲಿ ಒಂದೆನಿಸಿದ್ದ ಮನೆತನ ಅದು. ಅವರ ತಪ್ಪೇನು? ಅರಸನ ಅಪ್ಪಣೆಯಂತೆಯೇ ವಿದೇಶಿಯರೊಂದಿಗೆ ವ್ಯವಹರಿಸಿದ್ದು. ಸಂಬಂಧ ಕೆಟ್ಟ ದಿನ ಅವರೇ ಶತ್ರುಗಳ ಗೆಳೆಯರಾದರು. ಯುದ್ಧದಲ್ಲಿ ಚೀನಾ ಸೋತಿತು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಎರಡು ಕೋಟಿ ಹತ್ತು ಲಕ್ಷ ಡಾಲರ್ ದಂಡ ಬಿತ್ತು. ಅದರಲ್ಲಿ ಮೂವತ್ತು ಲಕ್ಷ ಹಾಂಗ್ ವರ್ತಕರ ಸಾಲದ ಲೆಕ್ಕ. ಅವರ ಸಂಘವೇ ರದ್ದಾಯಿತು.

ಇತ್ತ ಮುಂಬಯಿಯ ಪಾರ್ಸಿ ವರ್ತಕ ಜಮ್‌ಶೇಟ್‌ಜಿ ಜೀಜೀಭಾಯ್ ಕ್ಯಾಂಟನ್ನಿನ ಜಾರ್ಡೀನ್ ಕಂಪನಿಗೆ ಬರೆದ ಕಾಗದಗಳ ನಕಲು ಪುಸ್ತಕಗಳು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿದಿವೆ. ಅವನ ಪಾಲುದಾರರಲ್ಲಿ ಮೋತೀಚಂದ್ ಅಮೀಚಂದ್ ಎಂಬ ಜೈನ ಇದ್ದ, ಮಹಮ್ಮದ್ ಅಲಿ ರೋಗೆ ಎಂಬ ಕೊಂಕಣಿ ಮುಸಲ್ಮಾನನೂ ಇದ್ದ. ಅಮಲು ಹರಾಮೆಂದು ಗೊತ್ತಿದ್ದ ನಮ್ಮವರೂ ಅಮಲಿನ ಲಾಭದಲ್ಲಿ ಕೈ ಅದ್ದಿದ್ದರು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಪ್ಪಿಸಿದ ಪೆಟ್ಟಿಗೆಗಳಲ್ಲಿ ಮುಂಬಯಿಯವರ ಪಾಲು ದೊಡ್ಡದಿತ್ತು. ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲವತ್ತುಕೊಂಡರೂ ಪೂರ್ತಿ ಬೆಲೆ ಬರಲಿಲ್ಲ. ಬೆಂಗಳೂರಿನ ಪಾಲೂ ಆ ಯುದ್ಧದಲ್ಲಿತ್ತು. ಇಲ್ಲಿನ ದಂಡಿನ ಮದರಾಸ್ ಸ್ಯಾಪರ್ಸ್ ಪಡೆ ಚೀನಾಕ್ಕೆ ಹೋಗಿ ಕಾದಿತು, ಬಂಗಾರದ ಡ್ರ್ಯಾಗನ್ ಚಿಹ್ನೆಯನ್ನು ಬಿರುದಾಗಿ ಪಡೆದು ಮರಳಿತು. ಗಂಧ ಹೋದ ಕಡಲದಾರಿಯಲ್ಲೇ ಸಿಪಾಯಿಗಳೂ ಹೋದರು.

ಸರಪಳಿ ತೊಟ್ಟ ಹಾಂಗ್ ವರ್ತಕರನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಪೇಟೆ. ಇದನ್ನು ಬರೆಯುವುದು ನಮಗೆ ಸುಲಭವಲ್ಲ. ಆದರೂ ಬರೆಯದೆ ಹೋದರೆ ಲೆಕ್ಕ ತಪ್ಪುತ್ತದೆ.

ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ 1800ರಲ್ಲಿ ಬೆಂಗಳೂರಿಗೆ ಬಂದ. ಹೊಸದಾಗಿ ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ಮಾರುತ್ತದೆ ಎಂದು ನೋಡಿ ಬರೆಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಪೇಟೆಯ ಇತ್ತೀಚಿನ ಹಣೆಬರಹವನ್ನು ಆತ ಹೀಗೆ ದಾಖಲಿಸಿದ್ದಾನೆ. ಹೈದರನ ಕಾಲದಲ್ಲಿ ಪೇಟೆ ಚೆನ್ನಾಗಿ ಬೆಳೆದಿತ್ತು. ಟಿಪ್ಪು ಆರ್ಕಾಟು ಮತ್ತು ಹೈದರಾಬಾದ್ ಸೀಮೆಗಳೊಂದಿಗಿನ ವ್ಯಾಪಾರವನ್ನು ನಿಲ್ಲಿಸಿದ. ಅವೆರಡೂ ಆತನಿಗೆ ಆಗದವರ ರಾಜ್ಯಗಳು. ಸರ್ಕಾರದ ಸರಕನ್ನು ಹೆಚ್ಚಿನ ದರಕ್ಕೆ ಪೇಟೆಯವರ ತಲೆಗೆ ಕಟ್ಟಿದ. ಇಷ್ಟಾದರೂ ಪೇಟೆಯಲ್ಲಿ ಜನವಿತ್ತು, ಹಣವಿತ್ತು. ಆಮೇಲೆ ಬಂದದ್ದು ಕಾರ್ನ್‌ವಾಲಿಸನ ಸೈನ್ಯ.

1791ರ ಮಾರ್ಚ್ 7ರಂದು ಇಂಗ್ಲಿಷರು ಹಲಸೂರು ಬಾಗಿಲಿನಿಂದ ಪೇಟೆಗೆ ನುಗ್ಗಿದರು. ಅವರ ಸೈನ್ಯ ಆಹಾರವಿಲ್ಲದೆ ಕಂಗಾಲಾಗಿತ್ತು. ಪೇಟೆ ಸೂರೆಯಾಯಿತು. ಉಳ್ಳವರು ಬೆಲೆಬಾಳುವ ಒಡವೆ ವಸ್ತುಗಳನ್ನು ಮೊದಲೇ ಕೋಟೆಗೆ ಸಾಗಿಸಿದ್ದರು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು, ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತ ಸತ್ತ, ಒಡವೆಗಳೂ ಹೋದವು. ಇಂಗ್ಲಿಷರು ಹೊರಟುಹೋದ ಮೇಲೆ ಟಿಪ್ಪು ಚದುರಿಹೋಗಿದ್ದ ವರ್ತಕರನ್ನು ಅಭಯ ಕೊಟ್ಟು ಕರೆಸಿದ. ಅಲ್ಲಿ ಇಲ್ಲಿ ಬಚ್ಚಿಟ್ಟಿದ್ದ ಅಷ್ಟಿಷ್ಟನ್ನು ಅವರು ಮತ್ತೆ ಕೂಡಿಸಿ ತಂದರು. ಆಗ ನೀವು ಇಂಗ್ಲಿಷರ ಗೆಳೆಯರೆಂದು ಆರೋಪಿಸಿ ಊರಿಗೆ ಸೈನ್ಯ ಹಾಕಿ ಸುಲಿಯಲಾಯಿತು. ಹೆಂಗಸರ ಮೈಮೇಲಿನ ಚಿಕ್ಕಪುಟ್ಟ ಒಡವೆಗಳೂ ಉಳಿಯಲಿಲ್ಲ. ಊರಿನಿಂದ ಒಂದು ಹರದಾರಿ ದೂರದಲ್ಲಿ ಸುತ್ತಲೂ ಇದ್ದ ಮುಳ್ಳುಬೇಲಿಯ ಒಳಗೆ ಜನರನ್ನು ಕೂಡಿಹಾಕಿ ಕಾವಲಿಟ್ಟರು. 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಬಂದಾಗ ಕಾವಲಿನವರು ಕಾಲ್ತೆಗೆದರು. ಯಾರನ್ನು ನಂಬುವುದೆಂದು ತಿಳಿಯದೆ ಜನ ದಿಕ್ಕುಪಾಲಾದರು. ಕೆಲವು ತಿಂಗಳು ಪೇಟೆ ಹಾಳು ಸುರಿಯಿತು.

ಬುಕನನ್ ಕಂಪನಿಯ ನೌಕರ. ಟಿಪ್ಪು ಸತ್ತ ಮರುವರ್ಷವೇ ಗೆದ್ದವರ ಕಡೆಯವನೊಬ್ಬ ಬಂದು ಕೇಳಿದರೆ ಪೇಟೆಯ ವರ್ತಕ ಏನು ಹೇಳಿಯಾನು? ಹೊಸ ಯಜಮಾನನಿಗೆ ಹಿತವಾದುದನ್ನೇ ಹೇಳಿರಬಹುದು. ಈ ಅನುಮಾನವನ್ನು ನಾವು ಇಟ್ಟುಕೊಂಡೇ ಓದಬೇಕು. ಆದರೆ ಅದೇ ಬುಕನನ್ ತನ್ನವರೇ ಪೇಟೆಯನ್ನು ಸೂರೆ ಮಾಡಿದರೆಂಬುದನ್ನೂ ಬರೆದಿದ್ದಾನೆ. ಅದನ್ನು ನಂಬಿ ಉಳಿದುದನ್ನು ಕಸದ ಬುಟ್ಟಿಗೆ ಹಾಕುವುದು ಪ್ರಾಮಾಣಿಕತೆಯಲ್ಲ. ಟಿಪ್ಪುವಿನ ಅಭಿಮಾನಿಗಳಾದ ನಮ್ಮವರು ಸಾಮಾನ್ಯವಾಗಿ ಮೊದಲರ್ಧವನ್ನು ಹೇಳುತ್ತಾರೆ, ವಿರೋಧಿಗಳು ಎರಡನೆಯ ಅರ್ಧವನ್ನು. ಎರಡೂ ಅರ್ಧಗಳಲ್ಲಿ ಸುಲಿಗೆಯಾದವರು ಅವರೇ, ಅದೇ ಬೀದಿಯವರು.

ಸುಲ್ತಾನನ ವಾಣಿಜ್ಯ ನಿಯಮಗಳಲ್ಲಿ ಒಂದು ಬೇರೆಯೇ ಧ್ವನಿ ಕೇಳುತ್ತದೆ. ಸೋಲಿನ ಮರುವರ್ಷ, 1793ರಿಂದಾಚೆಗೆ, ಸರ್ಕಾರದ ವ್ಯಾಪಾರದಲ್ಲಿ ಪ್ರಜೆಗಳೂ ಹಣ ಹೂಡಬಹುದೆಂದು ಆತ ನಿಯಮ ಮಾಡಿದ. ಐದರಿಂದ ಐನೂರು ಇಮಾಮಿ ರೂಪಾಯಿ ತನಕ ಇಟ್ಟವನಿಗೆ ವರ್ಷದ ಕೊನೆಗೆ ರೂಪಾಯಿಗೆ ಅರ್ಧ ರೂಪಾಯಿ ಲಾಭ, ಐನೂರರಿಂದ ಐದು ಸಾವಿರದವರಿಗೆ ಕಾಲು ರೂಪಾಯಿ, ಅದಕ್ಕೂ ಮೇಲಿನವರಿಗೆ ನೂರಕ್ಕೆ ಹನ್ನೆರಡು. ಬಡವನಿಗೆ ಹೆಚ್ಚು, ಸಿರಿವಂತನಿಗೆ ಕಡಿಮೆ. ಆ ಕಾಲದಲ್ಲಿ ಇಂಥದನ್ನು ಯೋಚಿಸಿದ ಅರಸನನ್ನು ಮೆಚ್ಚದಿರಲು ನಮ್ಮಿಂದಾಗದು. ಆದರೆ ಮುಳ್ಳುಬೇಲಿಯೊಳಗೆ ಕುಳಿತ ವರ್ತಕ ಈ ನಿಯಮವನ್ನು ಯಾರಾದರೂ ಓದಿ ಹೇಳಿದ್ದರೆ ಹೇಗೆ ಕೇಳಿಸಿಕೊಳ್ಳುತ್ತಿದ್ದ ಎಂಬ ಪ್ರಶ್ನೆಯೂ ಬಿಡುವುದಿಲ್ಲ.

ಸುಲ್ತಾನನ ಕಾಗದ ಉಳಿದಿದೆ, ಚಕ್ರವರ್ತಿಯದು ಉಳಿದಿದೆ, ಕಂಪನಿಯವರದು ಬೀರುಗಟ್ಟಲೆ ಇದೆ, ಮುಂಬಯಿಯ ಸೇಟ್‌ಜಿಯದೂ ಇದೆ. ಬೆಂಗಳೂರು ಪೇಟೆಯ ವರ್ತಕ ಆ ವರ್ಷಗಳಲ್ಲಿ ತನ್ನ ವಾಲಾಜಪೇಟೆಯ ಗೆಳೆಯನಿಗೆ ಬರೆದ ಒಂದು ಸಾಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸದಲ್ಲಿ ಇಲ್ಲಿನ ಅಂಗಡಿಕಾರರ ಲೆಕ್ಕದ ಪುಸ್ತಕವನ್ನು ವರ್ಣಿಸಿದ್ದಾನೆ. ಅದರ ಹೆಸರು ಕಡತ. ಉದ್ದನೆಯ ಹತ್ತಿಬಟ್ಟೆಗೆ ಗಂಜಿ ಮತ್ತು ಇದ್ದಿಲಪುಡಿಯ ಲೇಪ ಕೊಟ್ಟು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸುವುದು. ಬಳಪದಿಂದ ಅದರ ಮೇಲೆ ಬರೆಯುವುದು. ಲೆಕ್ಕ ತೀರಿದಾಗ ಒರೆಸಿ, ಮತ್ತೆ ಕರಿ ಬಳಿದು, ಹೊಸದಾಗಿ ಬರೆಯುವುದು. ಈಗ ನಾವು ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಅಲುಗದೆ ಕುಳಿತಿರುವ ಫೈಲನ್ನು ಕಡತ ಎನ್ನುತ್ತೇವೆ. ಮೂಲದ ಕಡತವಾದರೋ ಅಳಿಸಲೆಂದೇ ಮಾಡಿದ್ದು. ಅರಸನ ಮಾತು ಕಾಗದದ ಮೇಲೆ ಮಸಿಯಲ್ಲಿ, ವರ್ತಕನ ಮಾತು ಕರಿಬಟ್ಟೆಯ ಮೇಲೆ ಬಳಪದಲ್ಲಿ. ಸೈನ್ಯ ಬಾಗಿಲಿಗೆ ಬಂದ ದಿನ ಒಂದು ಒದ್ದೆ ಬಟ್ಟೆ ಸಾಕು, ಯಾರು ಯಾರಿಗೆ ಎಷ್ಟು ಕೊಡಬೇಕು, ಯಾರು ಯಾವ ಸೀಮೆಯವನೊಂದಿಗೆ ವ್ಯವಹಾರ ಇಟ್ಟಿದ್ದ ಎಂಬುದೆಲ್ಲ ಮಾಯ. ಪ್ರಾಣ ಉಳಿಸಿಕೊಳ್ಳಲು ಎಷ್ಟು ಮಂದಿ ಹಾಗೆ ಒರೆಸಿರಬಹುದು!

ಬುಕನನ್ ಬರುವ ಹೊತ್ತಿಗೆ ನಾಲ್ಕು ದಿಕ್ಕುಗಳಿಂದಲೂ ಜನ ಪೇಟೆಗೆ ಮರಳುತ್ತಿದ್ದರು. ನೇಕಾರರು ಮಗ್ಗ ಹೂಡಿದ್ದರು. ಘಟ್ಟದ ಕೆಳಗಿನ ವಾಲಾಜಪೇಟೆಯ ದಾರಿ ತೆರೆದಿತ್ತು. ಅಡಿಕೆ, ಗಂಧ, ಮೆಣಸು, ಏಲಕ್ಕಿ, ಸೀಗೆಕಾಯಿ, ಹುಣಿಸೆ ಹೇರಿಕೊಂಡ ಎತ್ತುಗಳು ಆ ಕಡೆಗೆ ಹೊರಟಿದ್ದವು. ಆ ಕಡೆಯಿಂದ ಉಪ್ಪು, ತವರ, ತಾಮ್ರ, ಕರ್ಪೂರ, ಕಚ್ಚಾ ರೇಷ್ಮೆ ಬರುತ್ತಿತ್ತು.